ಸೆಮ್ಲಿನ್‌ನಲ್ಲಿ ಸೀಳಿದ ಕಾಗದ

ಬಿಳಿಗೆರೆ
9-10-1983

ಅಪ್ಪಾ,

ರಾತ್ರಿ ಎರಡೂವರೆ. ಅಟ್ಟದ ಮೇಲೆ ಕಾಯಿ ಉರುಳಿದ ಸದ್ದಿಗೆ ಎಚ್ಚರವಾಯಿತು. ಕೊಬ್ಬರಿಗೆಂದು ಏರಿಸಿಟ್ಟ ಕಾಯಿಗಳ ನಡುವೆ ಇಲಿ ಓಡಾಡಿದರೆ ಒಂದು ಜಾರಿ ಇನ್ನೊಂದಕ್ಕೆ ಬಡಿಯುತ್ತದೆ, ಒಳಗೆ ಒಣಗಿದ ಗಿಟುಕು ಲೊಟಲೊಟ ಅನ್ನುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೇ ಹೆದರುತ್ತಿದ್ದೆ. ಈಗಿನ ಹೆದರಿಕೆ ಬೇರೆ. ಎದ್ದವಳು ಮೊದಲು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಬಂತು ಅನ್ನಿಸಿದರೂ ಇನ್ನೊಂದು ಸಲ ನೋಡುತ್ತೇನೆ. ಆಮೇಲೆ ನಿದ್ದೆ ಇಲ್ಲ.

ನಮ್ಮತ್ತೆಗೆ ಇದು ನಗೆಪಾಟಲು. "ಓದಿದೋರ ಬುದ್ಧಿನೇ ಇಂಗೆ ಕಣವ್ವ. ನೀನು ಕಾಯ್ಕಂಡು ಕುಂತ್ರೆ ಅದು ಇನ್ನೊಂದೀಟು ಜಾಸ್ತಿ ಉಸಿರಾಡ್ತದಾ? ಮನಿಕ್ಕೋ ಹೋಗು" ಅನ್ನುತ್ತಾರೆ. ಇವರೂ ಅದನ್ನೇ ಅನ್ನುತ್ತಾರೆ, ಮೆತ್ತಗೆ. ಒಂದನ್ನು ಹೊಟ್ಟೆಯಲ್ಲಿ ಐದು ತಿಂಗಳಿರುವಾಗಲೇ ಕಳೆದುಕೊಂಡವಳು ನಾನು, ಅವರಲ್ಲ.

ಅಪ್ಪಾ, ಗೌರಿಗೆ ನಾಲ್ಕು ತಿಂಗಳು ತುಂಬಿತು. ಅಮ್ಮನ ಹೆಸರೇ ಇಟ್ಟಿದ್ದೇವೆ, ಚಿಕ್ಕಗೌರಮ್ಮ ಅಂತ. ನೀನು ಇನ್ನೂ ಅವಳ ಮುಖ ನೋಡಿಲ್ಲ. ರಾಮಕ್ಕತ್ತೆಯ ಕೈಲಿ ಬೆಳ್ಳಿ ಉಡುದಾರ ಕಳಿಸಿದೆ, ನೀನು ಬರಲಿಲ್ಲ. ಹುಚ್ಚರಂಗಯ್ಯ ದೊಡ್ಡಪ್ಪ ಇರುವ ಊರಿಗೆ ಕಾಲಿಡುವುದಿಲ್ಲ ಎಂದು ಯುಗಾದಿಯ ಮಾರನೆಯ ದಿನ ಹೇಳಿ ಹೋದವನು ನೀನು, ಆರು ತಿಂಗಳಾಯಿತು. ಮೂವತ್ತು ವರ್ಷದ ಸ್ನೇಹಿತ ಅಪ್ಪಾ ಅವರು. ನನ್ನನ್ನು ಈ ಊರಿಗೆ ಕೊಡಿಸಿದವರೇ ಅವರು. ತಾಯಿ ಇಲ್ಲದ ನನಗೆ ಬಾಣಂತನ ಮಾಡಿದ್ದು ಗಂಗಕ್ಕ ದೊಡ್ಡಮ್ಮ. ಅವರ ಮನೆಯ ಮುಂದಿನ ಕೋಣೆಯೇ ನಮ್ಮೂರ ಪೋಸ್ಟಾಫೀಸು, ಈ ಕಾಗದಕ್ಕೆ ಮುದ್ರೆ ಹೊಡೆಯುವವರೂ ಅವರೇ. ಒಂದು ಹಳೇ ಕಾಗದಕ್ಕಾಗಿ ಇಷ್ಟು ಸಿಟ್ಟು ಬೇಕಾ?

ಬಾ ಅಪ್ಪಾ. ಅವರ ಬೀದಿಗೆ ಬರಬೇಡ, ನಮ್ಮ ಮನೆಗೆ ಹಿತ್ತಿಲ ಕಡೆಯಿಂದಲೂ ದಾರಿ ಇದೆ.

ನಿನ್ನ ಹೊಂಬಾಳೆ


ಮೈಸೂರು
17-10-1983

ಹೊಂಬಾಳೆ,

ನಿನ್ನ ಇನ್‌ಲ್ಯಾಂಡ್ ಮೂರನೆಯ ದಿನ ಕೈಸೇರಿತು. ಮಗುವನ್ನು ಬೋರಲು ಮಲಗಿಸಬೇಡ. ನೀನು ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚು. ರಾತ್ರಿ ಪಾಳಿಯ ರೈಲಿನಲ್ಲಿ ಇಪ್ಪತ್ತೆಂಟು ವರ್ಷ ಟಪಾಲು ವಿಂಗಡಿಸಿದವನು ನಾನು, ನಿದ್ದೆ ಕೆಟ್ಟ ತಲೆ ಏನೇನು ಕಲ್ಪಿಸಿಕೊಳ್ಳುತ್ತದೆಂದು ಬಲ್ಲೆ.

ಹಿತ್ತಿಲ ಕಡೆಯಿಂದ ಬರುವ ಅಭ್ಯಾಸ ನನಗಿಲ್ಲ.

ಒಂದು ಹಳೇ ಕಾಗದ ಎಂದು ಬರೆದಿದ್ದೀಯ. ಅದು ಬಂದದ್ದು ನಿನ್ನ ಮದುವೆಯಾದ ಮೇಲೆ, ಅದರ ಸಂಗತಿ ನಿನಗೆ ಸರಿಯಾಗಿ ಹೇಳಿಲ್ಲ. ಆದ್ದರಿಂದ ಈಗ ಹೇಳುತ್ತೇನೆ. ನಾನೂ ಅವನೂ ಬಾಲ್ಕನ್ ಸೀಮೆಯ ಅಂಚೆಚೀಟಿ ಕೂಡಿಸಲು ಹಿಡಿದದ್ದು ಒಂದು ಹದ್ದಿನಿಂದ. ಅರಸೀಕೆರೆ ಬಜಾರಿನಲ್ಲಿ ರದ್ದಿ ಕಾಗದದ ನಡುವೆ ಬೋಸ್ನಿಯಾದ ಒಂದು ಚೀಟಿ ಸಿಕ್ಕಿತು, ಅದರ ಮೇಲೆ ಎರಡು ತಲೆಯ ಹಕ್ಕಿ. "ನಮ್ ಮೈಸೂರ್ ಗಂಡಭೇರುಂಡ ಅಲ್ಲಿಗೆ ಯಾವಾಗ ಹಾರ್ಕಂಡ್ ಹೋಯ್ತಲಾ!" ಎಂದು ಕೂಗಿದವನು ಅವನು. ಅಲ್ಲಿಂದ ಸರ್ಬಿಯಾ, ಬಲ್ಗೇರಿಯಾ, ಮಾಂಟೆನೀಗ್ರೋ. ಬೆಲ್‌ಗ್ರೇಡಿನ ಪೆಟ್ರೋವಿಚ್ ಎಂಬ ರೈಲ್ವೆ ಗುಮಾಸ್ತರ ಜೊತೆ ಪತ್ರವ್ಯವಹಾರ. ಆ ಕಾಗದವನ್ನು ಅವರು ಕಳಿಸಿದ್ದು ನಾವು ಕೊಟ್ಟ ಹದಿನಾಲ್ಕು ಹಳೆಯ ಮೈಸೂರು ಅಂಚೆಯ ಕಾಗದಗಳಿಗೆ ಬದಲಾಗಿ. ಇಬ್ಬರಿಗೂ ಸೇರಿದ್ದು. ಆರು ತಿಂಗಳು ಅವನ ಮನೆ, ಆರು ತಿಂಗಳು ನನ್ನ ಮನೆ. ಯುಗಾದಿಗೊಮ್ಮೆ, ಮಹಾನವಮಿಗೊಮ್ಮೆ ಕೈ ಬದಲು, ಕೆರೆ ನೀರಿನ ಸರದಿಯ ಹಾಗೆ.

ಅದು 1843ರದು. ಆ ಸೀಮೆಯಲ್ಲಿ ಇನ್ನೂ ಚೀಟಿ ಹುಟ್ಟದ ಕಾಲ. ಬೆಲ್‌ಗ್ರೇಡಿನಿಂದ ಹೊರಟು ನದಿ ದಾಟಿ ಸೆಮ್ಲಿನ್ ಎಂಬ ಊರಿಗೆ ಬಂತು. ಆಚೆ ದಡದಲ್ಲಿ ಪ್ಲೇಗಿನ ಭಯ, ಈಚೆ ದಡದಲ್ಲಿ ತಡೆ ಠಾಣೆ. ಮನುಷ್ಯರನ್ನು ದಿನಗಟ್ಟಲೆ ಕೂಡಿಹಾಕುತ್ತಿದ್ದರು. ಕಾಗದಗಳನ್ನು ಉಳಿಯಿಂದ ಎರಡು ಕಡೆ ಸೀಳಿ, ಸೀಳಿನೊಳಗೆ ಗಂಧಕದ ಹೊಗೆ ಹಾಯಿಸಿ, ಹುಳಿನೀರು ಚಿಮುಕಿಸಿ, ಶುದ್ಧವಾಯಿತೆಂದು ಮುದ್ರೆಯೊತ್ತಿ ಮುಂದಕ್ಕೆ ಬಿಡುತ್ತಿದ್ದರು. ಆ ಎರಡು ಸೀಳು, ಹುಳಿಯ ಕಂದು ಕಲೆ, ಆ ಮುದ್ರೆ. ಆ ಕಾಗದದ ಬೆಲೆಯೆಲ್ಲ ಅದರಲ್ಲೇ.

ಯುಗಾದಿಯ ಮಾರನೆಯ ದಿನ ನನ್ನ ಸರದಿಗೆಂದು ಬಂದೆ. ಸೀಳುಗಳಿಗೆ ಹಿಂದಿನಿಂದ ತೆಳು ಕಾಗದ ಇಟ್ಟು ಮೈದಾ ಅಂಟಿನಲ್ಲಿ ಮುಚ್ಚಿತ್ತು. ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿತ್ತು. ಮುದ್ರೆ ಕದಡಿ ನೀಲಿ ಮಚ್ಚೆಯಾಗಿತ್ತು. ಯಾರು ಮಾಡಿದ್ದು ಎಂದೆ. "ನಾನೇ ಕಣೋ. ಹರಿದಿತ್ತು, ಚೆಂದಾಗ್ ಕಾಣ್ಲಿ ಅಂತ ಅಂಟಿಸ್ದೆ" ಎಂದ. ನೀನೂ ಬಾಗಿಲಲ್ಲಿ ನಿಂತು ಕೇಳಿದೆ. ಮೂವತ್ತು ವರ್ಷ ಚಿಮುಟ ಹಿಡಿದವನ ಬಾಯಲ್ಲಿ ಆ ಮಾತು!

ಇದಕ್ಕಿಂತ ಹೆಚ್ಚು ಬರೆಯಲಾರೆ. ಮಗುವಿಗೆ ಅಣ್ಣಯ್ಯ ತಾತನ ಹೆಸರು ಹೇಳಿ ಒಂದು ಮುತ್ತು ಕೊಡು.

ಅಣ್ಣಯ್ಯ


ಬಿಳಿಗೆರೆ
2-12-1983

ಅಪ್ಪಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಗೌರಿಗೆ ಕೆಮ್ಮು, ಹತ್ತು ರಾತ್ರಿ ತೊಡೆಯ ಮೇಲೇ ಮಲಗಿಸಿಕೊಂಡಿದ್ದೆ. ಈಗ ವಾಸಿ. ಕೆಳಗಡೆ ಒಂದು ಹಲ್ಲು ಬಂದಿದೆ.

ಮೊನ್ನೆ ಇನ್‌ಲ್ಯಾಂಡ್ ತರಲು ಹೋಗಿದ್ದೆ. ದೊಡ್ಡಪ್ಪ ಮೇಜಿನ ಹಿಂದೆ ಕನ್ನಡಕ ಏರಿಸಿಕೊಂಡು ಕೂತಿದ್ದರು.

"ಬಾ ಕಣವ್ವ. ನಿಮ್ಮಪ್ಪ ಇನ್ನೊಂದ್ ಕಳಿಸವ್ನೆ" ಅಂದರು.

ನೋಡಿದರೆ ಅವರೇ ನಿನಗೆ ಬರೆದ ಕವರು. ಅದರ ಮೇಲೆ ಕೆಂಪು ಶಾಯಿಯಲ್ಲಿ ನಿನ್ನ ಅಕ್ಷರ: "ತೆಗೆದುಕೊಳ್ಳಲು ನಿರಾಕರಿಸಿದ್ದೇನೆ. ಕಳಿಸಿದವರಿಗೆ ವಾಪಸು." ಕೆಳಗೆ ರುಜು, ತಾರೀಖು. ಒಡೆದೇ ಇಲ್ಲ. ದೊಡ್ಡಪ್ಪ ಖಾನೆ ಎಳೆದು ಒಂದು ಹೊಸ ಆಲ್ಬಂ ತೆಗೆದರು. ಅಂಥವು ಆರು ಆಗಲೇ ಸಾಲಾಗಿ ಕೂತಿದ್ದವು, ಮೂಲೆಗಳಿಗೆ ಕೊಕ್ಕೆ ಸಿಕ್ಕಿಸಿ, ಕೆಳಗೆ ಪೆನ್ಸಿಲಿನಲ್ಲಿ ಯಾವ ದಿನ ಹೋಯಿತು, ಯಾವ ದಿನ ತಿರುಗಿತು ಎಂದು ಬರೆದು.

"ಪೆಟ್ರೋವಿಚ್ ಸಾಹೇಬ್ರು ಕಂಡ್ರೆ ಕುಣಿದಾಡ್ಬುಡ್ತಾರೆ. ಒಬ್ಬನೇ ಮನ್ಸ ರೆಫ್ಯೂಸ್ ಮಾಡಿರೋ ಏಳು ಕವರು! ಬೆಲ್‌ಗ್ರೇಡಲ್ಲೂ ಸಿಕ್ಕಾಕಿಲ್ಲ" ಎಂದು ನಕ್ಕರು. ನಗು ಕೆಮ್ಮಿಗೆ ತಿರುಗಿ ಬಹಳ ಹೊತ್ತು ನಿಲ್ಲಲಿಲ್ಲ. ದನಿ ಒಡೆದು ಹೋಗಿದೆ ಅಪ್ಪಾ, ಎರಡು ತಿಂಗಳಿಂದ ಹಾಗೇ ಇದೆಯಂತೆ.

"ಬೀಡಿ ಬಿಡಿ ದೊಡ್ಡಪ್ಪ" ಅಂದೆ.

"ಗೆಣೆಕಾರನ್ನೇ ಬುಟ್ಟು ಬದುಕಿವ್ನಿ. ಬೀಡಿ ಬುಡೋದ್ ಏನ್ ದೊಡ್ಡದು?"

ಒಳಗೆ ಏನು ಬರೆದಿದ್ದೀರಿ ಎಂದು ಕೇಳಿದೆ.

"ಏನ್ ಬರೀತೀನಿ? ನಿನ್ ಮಗೀಗೆ ಕೆಮ್ಮು ವಾಸಿಯಾಯ್ತು, ಒಂದು ಹಲ್ಲು ಬಂತು ಅಂತ. ತಾತ ಅಲ್ವಾ, ತಿಳ್ಕಳ್ಲಿ ಅಂತ."

ಮಗು ಹೆಗಲ ಮೇಲಿತ್ತು. ಅವರ ಕನ್ನಡಕ ಕಿತ್ತುಕೊಂಡಿತು, ಅವರು ಬಿಡಿಸಿಕೊಳ್ಳಲಿಲ್ಲ.

ನಿನಗೆ ಒಂದು ಮಾತು ಬರೆಯಬೇಕೆಂದೇ ಈ ಇನ್‌ಲ್ಯಾಂಡ್ ತಂದೆ. ಬೇರೆ ಏನೇನೋ ಬರೆದು ಜಾಗ ಮುಗಿಯಿತು.

ಹೊಂಬಾಳೆ


ಮೈಸೂರು
10-1-1984

ಹೊಂಬಾಳೆ,

ಅವನ ಗಂಟಲನ್ನು ಒಳ್ಳೆಯ ಡಾಕ್ಟರಿಗೆ ತೋರಿಸಲು ಗಂಗಕ್ಕನಿಗೆ ಹೇಳು. ನಾನು ಹೇಳಿದೆ ಎನ್ನಬೇಡ.

ಇನ್ನು ಸರದಿ ಬೇಡ. ಭಾಗ ಆಗಲಿ. ನಮ್ಮ ಜಂಟಿ ಆಲ್ಬಂ ಮೂರೂ ಅವನಲ್ಲಿವೆ. ಸರ್ಬಿಯಾ, ಬೋಸ್ನಿಯಾ ನನಗೆ. ಬಲ್ಗೇರಿಯಾ, ರುಮೇನಿಯಾ ಅವನಿಗೆ. ಉಳಿದದ್ದನ್ನು ನಿನ್ನ ಮನಸ್ಸಿಗೆ ಸರಿ ಕಂಡ ಹಾಗೆ ಮಾಡು. ಚಿಮುಟ ಹಿಡಿಯುವುದನ್ನು ನಿನಗೆ ಕಲಿಸಿದ್ದೇನೆ, ಇಬ್ಬರಲ್ಲಿ ಯಾರಿಗೂ ಮೋಸ ಮಾಡುವವಳಲ್ಲ ನೀನು. ಆಲ್ಬಮ್ಮಿನಿಂದ ಬಿಡಿಸುವಾಗ ಬೆರಳು ತಾಗಿಸಬೇಡ. ರಿಜಿಸ್ಟರ್ ಮಾಡಿ ಕಳಿಸು.

ಅಣ್ಣಯ್ಯ


ಬಿಳಿಗೆರೆ
4-3-1984

ಅಪ್ಪಾ,

ರಿಜಿಸ್ಟರ್ ನಿನ್ನೆ ಹೊರಟಿದೆ. ದೊಡ್ಡಪ್ಪನೇ ತೂಕ ಹಾಕಿ ಅರಗಿನ ಮೊಹರು ಒತ್ತಿದರು.

ಭಾಗ ಹೇಗಾಯಿತೆಂದು ನಿನಗೆ ತಿಳಿಯಬೇಕು. ಹೋದ ಭಾನುವಾರ ಹನ್ನೊಂದಕ್ಕೆ ಅವರ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆವು. ದೊಡ್ಡಪ್ಪ, ನಾನು, ಬಾಗಿಲಿಗೆ ಒರಗಿ ದೊಡ್ಡಮ್ಮ. ದೊಡ್ಡಪ್ಪನಿಗೆ ಈಗ ಪಿಸುಮಾತಷ್ಟೇ. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲಲ್ಲಿ ಗಡ್ಡೆ ಎಂದರಂತೆ, ಕೊಯ್ಯುವ ಕಾಲ ದಾಟಿದೆ ಎಂದರಂತೆ. ಅದನ್ನು ನನಗೆ ಹೇಳಿದ್ದು ದೊಡ್ಡಮ್ಮ, ಹಿತ್ತಿಲಲ್ಲಿ, ಸೆರಗು ಬಾಯಿಗಿಟ್ಟುಕೊಂಡು.

ಸರ್ಬಿಯಾ ನಿನ್ನ ಕಡೆ ಇಟ್ಟೆ. ಬಲ್ಗೇರಿಯಾದ ಸಿಂಹಗಳನ್ನು ಅವರ ಕಡೆ ಇಟ್ಟೆ. ಮಾಂಟೆನೀಗ್ರೋ ಬಂತು. ಇದು ಯಾರಿಗೆ ದೊಡ್ಡಪ್ಪ, ಎಂದೆ.

"ಅದು ಬರೀ ಕಲ್ಲುಗುಡ್ಡದ ಸೀಮೆ ಕಣವ್ವ. ನಿಮ್ಮಪ್ಪನಿಗೇ ಹಾಕು. ಅವನ ತಲೇನೂ ಅಂಗೇಯ."

"ತ್ವಾಟ ಭಾಗ ಮಾಡ್ಕಂಡಿದ್ರೆ ಕಾಯಾದ್ರೂ ಬತ್ತಿದ್ವು. ಈ ಚೂರು ಕಾಗ್ದುಕ್ಕೂ ಭಾಗ್ವೇ! ಮುದುಕ್ರಿಗೆ ಮಾಡಕ್ ಗೇಮೆ ಇಲ್ಲ" ಎಂದರು ದೊಡ್ಡಮ್ಮ.

ಕೊನೆಗೆ ಬೋಸ್ನಿಯಾದ ಮೊದಲನೇ ಚೀಟಿ, ಆ ಗಂಡಭೇರುಂಡ. ನಿನ್ನ ಪಟ್ಟಿಯಂತೆ ನಿನಗೇ ಹೋಗಬೇಕು. ದೊಡ್ಡಪ್ಪ ಅದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಎರಡ್ ತಲೆ ಅವೆ. ಒಬ್ಬೊಬ್ರಿಗೆ ಒಂದೊಂದು ಅಂತ ಕತ್ತರಿಸಕ್ಕಾಗ್ತದಾ?" ಅಂದರು. ಆಮೇಲೆ ತಾವೇ ನಿನ್ನ ಲಕೋಟೆಗೆ ಹಾಕಿದರು.

ಆ ಸೆಮ್ಲಿನ್ ಕಾಗದವನ್ನೂ ನಿನ್ನ ಕಡೆಗೇ ಇಟ್ಟರು. ಅದು ಕೆಟ್ಟಿದೆಯಲ್ಲ, ಬಿಡಿ ದೊಡ್ಡಪ್ಪ ಎಂದೆ. "ಕೆಟ್ರೂ ಅವಂದೇ" ಅಂದರು. ತಮಗೆಂದು ಉಳಿಸಿಕೊಂಡ ಬಲ್ಗೇರಿಯಾ, ರುಮೇನಿಯಾ ಎರಡನ್ನೂ ಕಟ್ಟಿ ಗೌರಿಯ ತೊಟ್ಟಿಲಲ್ಲಿಟ್ಟರು. ಅವರ ಬಳಿ ಈಗಿರುವುದು ನೀನು ವಾಪಸು ಕಳಿಸಿದ ಕವರುಗಳ ಆಲ್ಬಂ ಒಂದೇ. ಹನ್ನೊಂದಾಗಿವೆ.

ಒಂದು ಸಲ ಬಂದು ಹೋಗು ಅಪ್ಪಾ. ದನಿ ಪೂರಾ ನಿಲ್ಲುವ ಮೊದಲು.

ಹೊಂಬಾಳೆ


ಮೈಸೂರು
26-3-1984

ಹೊಂಬಾಳೆ,

ಪಾರ್ಸೆಲ್ ಬಂತು. ಒಂದು ಚೀಟಿಯ ಅಂಚಿನ ಹಲ್ಲೂ ಮುರಿದಿಲ್ಲ. ಆದರೆ ಮೂರು ವಾರದಿಂದ ನಾನು ನೋಡುತ್ತಿರುವುದು ಚೀಟಿಗಳನ್ನಲ್ಲ, ಕೆಟ್ಟುಹೋದ ಕಾಗದವನ್ನು. ಅಂದು ಸಿಟ್ಟಿನಲ್ಲಿ ಸರಿಯಾಗಿ ನೋಡಿರಲಿಲ್ಲ.

ಆ ಅಂಟಿಗೆ ಮೈಲುತುತ್ತ ಬೆರೆಸಿದೆ. ಅಂಚಿನಲ್ಲಿ ಹಸಿರು ಛಾಯೆ ಇದೆ. ಚೀಲದಲ್ಲಿ ಹರಿದುಬಂದ ಕಾಗದಗಳನ್ನು ನಮ್ಮ ರೈಲಿನ ಡಬ್ಬಿಯಲ್ಲಿ ನಾವು ಹಾಗೆ ಅಂಟಿಸುತ್ತಿದ್ದೆವು, ಹುಳ ಹಿಡಿಯದಿರಲಿ ಎಂದು. ಹಿಂದಿನಿಂದ ತೆಳು ಕಾಗದ, ನಾಲ್ಕು ಮೂಲೆ ದುಂಡಗೆ ಕತ್ತರಿಸಿ. ಅವನು ಹಳ್ಳಿ ಪೋಸ್ಟಾಫೀಸಿನವನು, ರೈಲಿನ ಕೆಲಸ ಮಾಡಿದವನಲ್ಲ. ಇಲಾಖೆ ಕೊಡುವ ಗೋಂದು ಬಿಟ್ಟು ಬೇರೆ ಮುಟ್ಟಿದ್ದನ್ನು ನಾನು ಕಾಣೆ.

ನೀನು ಆ ದಿನಗಳಲ್ಲಿ ಅವರ ಮನೆಯಲ್ಲೇ ಇದ್ದೆ. ಅವನು ಅಂಟಿಸಿದ್ದನ್ನು ಕಣ್ಣಾರೆ ನೋಡಿದೆಯಾ? ನೀನು ಹೇಳಿದ್ದನ್ನು ನಂಬುತ್ತೇನೆ. ಬೇರೆ ಯಾರನ್ನೂ ಕೇಳುವುದಿಲ್ಲ.

ಅಣ್ಣಯ್ಯ


ಬಿಳಿಗೆರೆ
20-5-1984

ಅಪ್ಪಾ,

ತಡವಾಯಿತು. ಗೌರಿ ಗೋಡೆ ಹಿಡಿದು ನಿಲ್ಲುತ್ತಾಳೆ. ಅಂಬೆಗಾಲಿನಲ್ಲೇ ಬಾವಿಕಟ್ಟೆಯ ಕಡೆಗೆ ಓಟ, ಇವರು ಬಿದಿರು ತಡಿಕೆ ಕಟ್ಟಿಸಿದ್ದಾರೆ. ಆದರೂ ನೀರಿನ ಸದ್ದು ಕೇಳಿದರೆ ಓಡಿಹೋಗಿ ತಡಿಕೆ ನೋಡಿ ಬರುತ್ತೇನೆ. ಈ ಸಲ ಎಳನೀರು ಸಿಹಿ ಇಲ್ಲ ಎಂದು ಅತ್ತೆ ಹೇಳುತ್ತಾರೆ. ರಾಮಕ್ಕತ್ತೆಯ ಮಂಡಿ ನೋವು ಹೇಗಿದೆ?

ನೀನು ಕೇಳಿದ್ದಕ್ಕೆ ಉತ್ತರ. ಅವರೇ ಅಂಟಿಸಿದ್ದು ಅಪ್ಪಾ. ನಾನು ಒಳಕೋಣೆಯಲ್ಲಿ ಮಲಗಿದ್ದೆ. ಮೈಲುತುತ್ತ ನಾನೇ ಯಾವತ್ತೋ ಅವರಿಗೆ ಹೇಳಿಕೊಟ್ಟಿದ್ದಿರಬೇಕು.

ಹೊಂಬಾಳೆ


ಮೈಸೂರು
19-8-1984

ಹೊಂಬಾಳೆ,

"ದೊಡ್ಡಪ್ಪ ತುಂಬ ಸೀರಿಯಸ್, ಕೂಡಲೆ ಹೊರಡು" ಎಂಬ ನಿನ್ನ ತಂತಿ ತಲುಪಿತು. ರಾಮಕ್ಕ ಚೀಲ ತುಂಬಿ ಬಾಗಿಲಲ್ಲಿಟ್ಟಿದ್ದಳು. ಚಪ್ಪಲಿ ಮೆಟ್ಟಿದವನು ಮತ್ತೆ ಕಳಚಿದೆ. ಬರಲಾರೆ. ಕಾರಣವನ್ನು ನಿನಗೆ ಹೇಳದೆ ಇರುವುದು ಇನ್ನು ತಪ್ಪಾಗುತ್ತದೆ.

ನಿಮ್ಮಮ್ಮ ತೀರಿಕೊಂಡದ್ದು ಸಿಡುಬಿನಿಂದ, ಅರವತ್ತೆರಡರಲ್ಲಿ. ನಿನಗೆ ನಾಲ್ಕು ವರ್ಷ. ಅವಳನ್ನು ಊರಾಚೆ ಗುಡಿಸಲಲ್ಲಿ ಇಟ್ಟಿದ್ದರು. ನಾನು ಪಾಳಿಯ ಮೇಲೆ ಗುಂತಕಲ್ಲಿನ ಕಡೆ ಹೋಗಿದ್ದೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ಗುಡಿಸಲಲ್ಲಿದ್ದಾಗ ಅವಳು ನನಗೊಂದು ಕಾಗದ ಬರೆದಳು. ಹಾಲು ಇಡಲು ಹೋದ ಹೆಂಗಸಿನ ಕೈಲಿ ಕೊಡಲು ಬಂದಳಂತೆ, ಆ ಹೆಂಗಸು ಹೆದರಿ ಮುಟ್ಟಲಿಲ್ಲ. ನಿಮ್ಮಮ್ಮ ಅದನ್ನು ನೆಲದ ಮೇಲಿಟ್ಟಳಂತೆ. ಊರವರು ಗುಡಿಸಲಿನ ಜೊತೆ ಅದನ್ನೂ ಸುಟ್ಟರು. ಲಕ್ಷಾಂತರ ಜನರ ಕಾಗದವನ್ನು ಈ ಕೈಯಲ್ಲಿ ಊರು ಮುಟ್ಟಿಸಿದ್ದೇನೆ. ನನ್ನ ಹೆಂಡತಿಯ ಒಂದು ಕಾಗದ ನನಗೆ ಬರಲಿಲ್ಲ.

ಸೆಮ್ಲಿನ್ನಿನ ಜನವೂ ಹೆದರಿದ್ದರು. ಅವರು ಸುಡಲಿಲ್ಲ. ಸೀಳಿದರು, ಹೊಗೆ ಹಾಕಿದರು, ಕಳಿಸಿದರು. ಆ ಎರಡು ಸೀಳಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಸಲ ಕೂತಿದ್ದೇನೋ. ಆ ಸುಟ್ಟ ಕಾಗದದ ಸಂಗತಿ ತಿಳಿದಿದ್ದ ನನ್ನ ಕಡೆಯವನು ಅವನೊಬ್ಬನೇ. ನಿನಗೂ ಹೇಳಿರಲಿಲ್ಲ, ರಾಮಕ್ಕನಿಗೂ ಹೇಳಿರಲಿಲ್ಲ. ಎಲ್ಲ ಗೊತ್ತಿದ್ದವನು ಆ ಸೀಳುಗಳನ್ನು ಮುಚ್ಚಿ, ಚೆಂದ ಕಾಣಲಿ ಅಂತ ಎಂದನಲ್ಲ! ಗೊತ್ತಿಲ್ಲದವರು ಮಾಡಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಮೈಲುತುತ್ತ ಕಂಡಾಗ ಒಂದು ಆಸೆ ಹುಟ್ಟಿತ್ತು, ಇವನಲ್ಲವೇನೋ ಎಂದು. ನೀನು ಇವನೇ ಎಂದು ಬರೆದೆ. ನಿನ್ನನ್ನು ನಂಬುತ್ತೇನೆಂದು ಮಾತು ಕೊಟ್ಟಿದ್ದೆ.

ಅವನಿಗೆ ನೋವಾಗದಂತೆ ನೋಡಿಕೊಳ್ಳಿ.

ಅಣ್ಣಯ್ಯ


ಬಿಳಿಗೆರೆ
22-8-1984, ಬುಧವಾರ
ಬೆಳಿಗ್ಗೆ ಹನ್ನೊಂದು

ಅಪ್ಪಾ,

ನಾನು. ಅಂಟಿಸಿದ್ದು ನಾನು.

ನಿನ್ನ ಕಾಗದವನ್ನು ಈಗಷ್ಟೇ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಗೊತ್ತಿಲ್ಲದವರು ಮಾಡಿದ್ದರೆ ಎಂದು ಬರೆದಿದ್ದೀಯಲ್ಲ, ಗೊತ್ತಿಲ್ಲದೆ ಮಾಡಿದವಳು ನಾನು. ಅಮ್ಮ ಕಾಗದ ಬರೆದಿದ್ದಳೆಂದೇ ನನಗೆ ಗೊತ್ತಿರಲಿಲ್ಲ.

ಯುಗಾದಿಯ ದಿನ ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಕೆಂಕೆರೆಗೆ ಹೋಗಿದ್ದರು, ಅವರ ನೆಂಟರ ಮನೆಗೆ. ನನಗೆ ಏಳು ತಿಂಗಳು. ಕೂತು ಕೂತು ಬೇಜಾರಾಗಿ ಆಲ್ಬಂ ತೆಗೆದೆ. ಹರಿದ ಕಾಗದ ಕಂಡಿತು. ಮಾರನೆಯ ದಿನ ನೀನು ಬರುವವನಿದ್ದೆ. ಅಷ್ಟು ದೂರದಿಂದ ಬಂದ ಕಾಗದ ಹೀಗೆ ಹರಿದು ಕೊಳಕಾಗಿದೆ, ಅಪ್ಪ ನೋಡಿದರೆ ನೊಂದುಕೊಳ್ಳುತ್ತಾನೆ ಅನ್ನಿಸಿತು. ಮೈದಾ ಕುದಿಸಿ, ಚಿಟಿಕೆ ಮೈಲುತುತ್ತ ಹಾಕಿ, ಮೂಲೆ ದುಂಡಗೆ ಕತ್ತರಿಸಿ, ಚಿಕ್ಕಂದಿನಲ್ಲಿ ನಿನ್ನ ಪಕ್ಕ ಕೂತು ಕಲಿತ ಹಾಗೇ ಮಾಡಿದೆ. ಹರಿದ ಟಪಾಲನ್ನು ಹಾಗೇ ಮುಂದಕ್ಕೆ ಕಳಿಸಬಾರದು ಎಂದು ನೀನು ಹೇಳುತ್ತಿದ್ದದ್ದು ಕಿವಿಯಲ್ಲೇ ಇತ್ತು. ಕಲೆ ಒರೆಸಿದೆ. ಬಹಳ ಸಂತೋಷವಾಗಿತ್ತು ಅಪ್ಪಾ ಆ ದಿನ. ಹಾಡಿಕೊಂಡು ಮಾಡಿದೆ.

ಸಂಜೆ ದೊಡ್ಡಪ್ಪ ಬಂದರು. ಓಡಿಹೋಗಿ ತೋರಿಸಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಎರಡೂ ಸೀಳುಗಳನ್ನು ನೋಡಿದರು. ಆಮೇಲೆ, "ಏನೂ ಆಗಿಲ್ಲ ಬುಡವ್ವ. ನಾಳಿಕ್ ನೀನು ಬಾಯ್ ಬುಡಬ್ಯಾಡ. ನಾನ್ ಮಾತಾಡ್ತೀನಿ" ಅಂದರು. ನೀನು ಬಂದು ಯಾರು ಎಂದು ಕೂಗಿದಾಗ ಅವರು ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿದರು. ಹಿಂದಿನ ವರ್ಷ ನಾನು ಕಳೆದುಕೊಂಡದ್ದು ಅವರಿಗೆ ಗೊತ್ತಲ್ಲ. ಆಮೇಲೆ, "ನಾನೇ ಕಣೋ" ಅಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಹೆಜ್ಜೆ ಮುಂದೆ ಇಡಬೇಕಾಗಿತ್ತು.

ಹೆರಿಗೆಯಾದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಮಗುವಿಗೆ ಕತ್ತು ನಿಲ್ಲಲಿ ಎಂದುಕೊಂಡೆ. ನೀನು ಆ ಕಾಗದದ ಬೆಲೆ ಬರೆದು ತಿಳಿಸಿದ ಮೇಲೆ ಇನ್ನೂ ಹೆದರಿದೆ. ನೀನು ನೇರವಾಗಿ ಕೇಳಿದಾಗ ಎರಡು ತಿಂಗಳು ಒದ್ದಾಡಿ ಸುಳ್ಳು ಬರೆದೆ. ರಾತ್ರಿ ನನಗೆ ನಿದ್ದೆ ಬಾರದ್ದು ಮಗುವಿನ ಉಸಿರಿಗಾಗಿ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಇವರಿಗೂ ನಿಜ ಹೇಳಿಲ್ಲ.

ಒಂದು ತಿಂಗಳಿಂದ ದೊಡ್ಡಪ್ಪನಿಗೆ ಮಾತು ಪೂರ್ತಿ ನಿಂತಿದೆ. ಸ್ಲೇಟಿನ ಮೇಲೆ ಬರೆಯುತ್ತಾರೆ. ಹೋದ ವಾರ, ಅಪ್ಪನಿಗೆ ನಿಜ ಬರೆದುಬಿಡುತ್ತೇನೆ ದೊಡ್ಡಪ್ಪ, ಎಂದೆ. ಬೇಡ ಎಂದು ಬರೆದರು. ನಾನು ಅತ್ತುಬಿಟ್ಟೆ. ಅಳಿಸಿ ಮತ್ತೆ ಬರೆದರು: "ಅವನಿಗೆ ನೀನು ಬುಟ್ರೆ ಯಾರವ್ರೆ? ನನ್ ಬುಟ್ಟು ಬದುಕ್ತಾನೆ. ನಿನ್ ಬುಟ್ಟು ಬದುಕಾಕಿಲ್ಲ." ಆ ಮಾತಿನ ಹಿಂದೆ ಅಡಗಿಕೊಂಡು ನಾನು ಇನ್ನೊಂದು ವಾರ ಸುಮ್ಮನಿದ್ದೆ. ನಿನಗೆ ಅಷ್ಟು ದಿನ ಕಮ್ಮಿ ಮಾಡಿದೆ. ನೀನು ಬರಲು ಸಾಕಾಗುತ್ತಿದ್ದ ದಿನಗಳು ಅವು.

ಇವತ್ತು ಬೆಳಿಗ್ಗೆ ತಿಪಟೂರಿನ ಡಾಕ್ಟರು ಬಂದು ಹೋದರು. ನಾಳೆ ಬೆಳಗಾಗುವುದು ಕಷ್ಟ ಎಂದರು. ಕಣ್ಣು ಬಿಡುತ್ತಾರೆ, ಗುರುತು ಹಿಡಿಯುತ್ತಾರೆ, ಕಿವಿ ಚೆನ್ನಾಗಿ ಕೇಳುತ್ತದೆ. ಗೌರಿ ಅತ್ತರೆ ಕತ್ತು ತಿರುಗಿಸುತ್ತಾರೆ.

ನಾನೇ ಹೊರಟು ಬರುತ್ತಿದ್ದೆ, ಆದರೆ ದೊಡ್ಡಮ್ಮ ಒಬ್ಬರೇ ಆಗುತ್ತಾರೆ, ದೊಡ್ಡಪ್ಪನ ಬಾಯಿಗೆ ಹನಿ ನೀರು ಬಿಡುವುದು ನಾನೇ. ನಿಮ್ಮ ಮನೆಯಲ್ಲಿ ಫೋನಿಲ್ಲ. ಇದನ್ನು ತಂತಿಯಲ್ಲಿ ಬರೆಯಲಾಗದು. ಕೆಂಪಯ್ಯ ಕಾಯಿ ಲಾರಿ ತೆಗೆದುಕೊಂಡು ಮಧ್ಯಾಹ್ನ ಮೈಸೂರಿಗೆ ಹೊರಟಿದ್ದಾನೆ. ರಾತ್ರಿ ಎಂಟು ಒಂಬತ್ತಕ್ಕೆ ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾನೆ. "ತಕಳಲ್ಲ ಅಂದ್ರೆ ಏನ್ ಮಾಡ್ಲವ್ವ? ನಿಮ್ಮಪ್ಪ ವಾಪಸ್ ಕಳ್ಸೋದ್ರಾಗೆ ಗಟ್ಟಿಗ್ರಂತೆ" ಎಂದು ಕೇಳಿದ, ಊರಿಗೆಲ್ಲ ಗೊತ್ತು. ಓದುವವರೆಗೆ ಅಪ್ಪನ ಬಾಗಿಲು ಬಿಟ್ಟು ಏಳಬೇಡ ಎಂದು ಹೇಳಿ ಕಳಿಸಿದ್ದೇನೆ.

ನಿನಗೆ ಆ ಹೊತ್ತಿಗೆ ಬಸ್ಸಿಲ್ಲ. ಬಂದರೂ ಬೆಳಗಾಗುತ್ತದೆ. ಆದ್ದರಿಂದ ಫೋನು ಮಾಡು. ದೊಡ್ಡ ತಂತಿ ಕಚೇರಿ ರಾತ್ರಿಯೆಲ್ಲ ತೆರೆದಿರುತ್ತದೆ. ತಿಪಟೂರು ಎಕ್ಸ್‌ಚೇಂಜಿಗೆ ಬುಕ್ ಮಾಡಿ ಬಿಳಿಗೆರೆ ಪೋಸ್ಟಾಫೀಸು ಎನ್ನು. ಅಲ್ಲಿನ ಆಪರೇಟರಿಗೆ ಇವರು ಹೋಗಿ ಹೇಳಿ ಬಂದಿದ್ದಾರೆ, ಎಷ್ಟು ಹೊತ್ತಿಗೆ ಬಂದರೂ ಕೊಡುತ್ತಾರೆ. ದೊಡ್ಡಪ್ಪನ ಮಂಚವನ್ನು ಮುಂದಿನ ಕೋಣೆಗೆ, ಫೋನಿನ ಮೇಜಿನ ಪಕ್ಕಕ್ಕೇ ತಂದು ಹಾಕಿದ್ದೇವೆ. ಗಂಟೆ ಬಾರಿಸಿದ ಕೂಡಲೇ ನಾನು ಎತ್ತುತ್ತೇನೆ. ನನ್ನ ಜೊತೆ ಮಾತಾಡಬೇಕಾಗಿಲ್ಲ ಅಪ್ಪಾ, ಇವತ್ತಲ್ಲ, ಇನ್ನು ಯಾವತ್ತೂ ಬೇಡವೆಂದರೂ ಸರಿ. ನಾನು ಸುಮ್ಮನೆ ಅವರ ಕಿವಿಗೆ ಹಿಡಿಯುತ್ತೇನೆ.

ಈ ಕಡೆಯಿಂದ ದನಿ ಬರುವುದಿಲ್ಲ. ಲೈನು ಕಟ್ಟಾಯಿತೆಂದು ಇಟ್ಟುಬಿಡಬೇಡ. ಏನಾದರೂ ಅನ್ನು. ಬೈದರೂ ಸರಿ, ಬರೀ "ಲೇ ರಂಗ" ಅಂದರೂ ಸರಿ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಬೆಳಗಾಗುವುದರೊಳಗೆ ಮಾಡು ಅಪ್ಪಾ. ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನು ಮಾಡು.

ಹೊಂಬಾಳೆ